ಒಂದು ಕಿಲೋಮೀಟರ್ ಸುತ್ತಮುತ್ತ

ಸೊಣ್ಣಪ್ಪನವರು ತೀರಿಕೊಂಡದ್ದು 2017ರ ಫೆಬ್ರವರಿಯಲ್ಲಿ, ಯಲಹಂಕದಲ್ಲಿ ಏರ್‌ಶೋ ನಡೆಯುತ್ತಿದ್ದ ವಾರದ ಗುರುವಾರ. ಬಾಗಲೂರು ರಸ್ತೆಯಲ್ಲಿ ದ್ವಾರಕಾನಗರ ದಾಟಿದ ಮೇಲೆ ಸಿಗುವ ಒಂದು ಮಣ್ಣಿನ ಅಡ್ಡರಸ್ತೆಯ ಬಾಯಲ್ಲಿ ಯಾವುದೋ ದೊಡ್ಡ ಗಾಡಿಯ ಚಕ್ರ ಅವರ ಮೇಲೆ ಹರಿದಿತ್ತು. ಗಾಡಿಯವನು ನಿಲ್ಲಿಸದೆ ಹೋಗಿಬಿಟ್ಟಿದ್ದ. ಸೊಣ್ಣಪ್ಪನವರಿಗೆ ಆಗ ಅರವತ್ತಾರು ವರ್ಷ.

ಮಗಳು ಸರಳಾಗೆ ಫೋನ್ ಬಂದಾಗ ಅವಳು ಹೆಬ್ಬಾಳದ ತನ್ನ ಕಚೇರಿಯಲ್ಲಿದ್ದಳು. ಅಪ್ಪನ ನಂಬರೇ, ಆದರೆ ದನಿ ಬೇರೆಯವರದು. ‘ಈ ಫೋನ್‌ನಲ್ಲಿ ಮಗಳು ಅಂತ ಇದೆ, ನೀವೇನಾ?’ ಎಂದು ಆ ದನಿ ಕೇಳಿತು. ಅವಳು ಹೌದೆಂದಳು. ಎಲ್ಲಿ, ಯಾವ ಆಸ್ಪತ್ರೆ ಎಂದು ಕೇಳಿ, ಹೇಳಿದ್ದನ್ನೆಲ್ಲ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು. ಫೋನಿಟ್ಟ ಮೇಲೆ ಆ ಅಂಚನ್ನು ಹರಿದು ಪರ್ಸಿಗೆ ಹಾಕಿಕೊಂಡು, ಕಂಪ್ಯೂಟರ್ ಆಫ್ ಮಾಡಿ, ಪಕ್ಕದ ಟೇಬಲ್ಲಿನ ಯೋಗಾನಂದನಿಗೆ ‘ಅಪ್ಪನಿಗೆ ಆಕ್ಸಿಡೆಂಟ್ ಆಗಿದೆಯಂತೆ, ಹೋಗ್ಬರ್ತೀನಿ’ ಎಂದಳು. ಸಂಜೆ ವಾಪಸು ಬರುವವಳ ಹಾಗೆ ಟಿಫನ್ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟಳು.

ಆಸ್ಪತ್ರೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಜೀವ ಹೋಗಿತ್ತು. ಡಾಕ್ಟರು ಹಾಗೆಂದು ಹೇಳಿದಾಗ ಸರಳಾ ತಲೆಯಾಡಿಸಿದಳು. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದಳು. ಅಳು ಬರಲಿಲ್ಲ. ಬರುತ್ತದೆ ಎಂದು ಒಂದಿಷ್ಟು ಹೊತ್ತು ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು.

ಅವಳು ಸೊಣ್ಣಪ್ಪ, ಮುನಿಕೆಂಪಮ್ಮನವರಿಗೆ ಒಬ್ಬಳೇ ಮಗಳು. ಮೂವತ್ತೆಂಟು ವರ್ಷ. ಮದುವೆ ಮುರಿದು ಹನ್ನೊಂದು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ಇರಲು ಬಂದಿದ್ದಳು. ಅಟ್ಟೂರು ಲೇಔಟಿನ ಮನೆಯಲ್ಲಿ ಮೂವರೇ. ಬಾಗಲೂರಿನ ಜಮೀನನ್ನು ಏರ್‌ಪೋರ್ಟ್ ಬಂದ ಕಾಲದಲ್ಲಿ ಮಾರಿ ಕಟ್ಟಿದ ಮನೆ ಅದು. ಅರ್ಧ ಎಕರೆಯಷ್ಟನ್ನು ಮಾತ್ರ ಸೊಣ್ಣಪ್ಪ ಮಾರಿರಲಿಲ್ಲ. ಅಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆಯುತ್ತಿದ್ದರು. ಬೆಳಿಗ್ಗೆ ಎದ್ದು ಕೂತು ನೋಯುವ ಬಲ ಮಂಡಿಯನ್ನು ಉಜ್ಜಿಕೊಂಡು, ಆರಕ್ಕೆ ಟಿವಿಎಸ್ ಗಾಡಿಯಲ್ಲಿ ಹೊರಟರೆ ಹನ್ನೊಂದರ ಹೊತ್ತಿಗೆ ಮನೆಗೆ ಬೇಕಾದಷ್ಟು ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರು. ಅವತ್ತೂ ಸೊಪ್ಪು ಕಟ್ಟಿಕೊಂಡೇ ಹೊರಟಿದ್ದರು.

ಹನ್ನೆರಡೂವರೆಗೆ ಆಸ್ಪತ್ರೆಗೆ ಚಿಕ್ಕಹನುಮಯ್ಯ ಬಂದ. ಸೊಣ್ಣಪ್ಪನವರ ಚಿಕ್ಕಪ್ಪನ ಮಗ, ಬಾಗಲೂರಿನಲ್ಲೇ ಇರುವವನು, ಐವತ್ತು ದಾಟಿದವನು. ಬಾಡಿಗೆಮನೆಗಳನ್ನು ಕಟ್ಟಿಸಿದ್ದ, ನೀರಿನ ಟ್ಯಾಂಕರ್ ಎರಡು ಇಟ್ಟಿದ್ದ. ಸರಳಾ ಅವನನ್ನು ಚಿಕ್ಕಪ್ಪ ಎಂದೇ ಕರೆಯುತ್ತ ಬೆಳೆದವಳು. ದೇವನಹಳ್ಳಿ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದೆ, ಸುದ್ದಿ ತಿಳಿದು ಹಾಗೇ ಓಡಿಬಂದೆ ಎಂದು ಅವನು ಹೇಳಿದ. ಕಣ್ಣು ಕೆಂಪಗಿದ್ದವು. ಅಲ್ಲಿಂದ ಮುಂದಿನದೆಲ್ಲ ಅವನದೇ ಓಡಾಟ. ಪೋಸ್ಟ್‌ಮಾರ್ಟಂ ಮುಗಿಸಿ ದೇಹ ಬಿಡಿಸಿಕೊಂಡವನು ಅವನು. ಬಾಗಲೂರಿನ ಅರ್ಧ ಎಕರೆಯ ಮೂಲೆಯಲ್ಲಿ ಜೆಸಿಬಿ ತರಿಸಿ ಗುಂಡಿ ತೆಗೆಸಿದವನು ಅವನು. ಶಾಮಿಯಾನ, ಕುರ್ಚಿ, ಬಂದವರಿಗೆ ಊಟ, ಯಾವುದಕ್ಕೂ ಮನೆಯವರು ಬಾಯಿ ಬಿಟ್ಟು ಕೇಳಬೇಕಾಗಲಿಲ್ಲ. ಗಂಡುಮಗ ಇಲ್ಲದ ಮನೆಯಲ್ಲಿ ಅವನೇ ನಿಂತು ಮಾಡಿದ ಎಂದು ಬಂದವರೆಲ್ಲ ಹೇಳಿದರು. ಭಾನುವಾರ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರವನ್ನು ಅವನೇ ಮಾಡಲೆಂದು ಮುನಿಕೆಂಪಮ್ಮನೇ ಕೇಳಿಕೊಂಡರು. ಅವನು ಮುಖ ಒರೆಸಿಕೊಂಡು ಆಗಲಿ ಎಂದ.

ಅದಕ್ಕೆ ಹಿಂದಿನ ದಿನ, ಶನಿವಾರ, ಸರಳಾ ಅವನ ಕಾರಿನಲ್ಲಿ ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದಳು. ಸಬ್‌ಇನ್‌ಸ್ಪೆಕ್ಟರ್ ಮರ್ಯಾದೆಯಿಂದಲೇ ಮಾತಾಡಿದರು. ಆ ಜಾಗದಲ್ಲಿ ಕ್ಯಾಮೆರಾ ಇಲ್ಲ. ಸಿಬ್ಬಂದಿಯೆಲ್ಲ ಏರ್‌ಶೋ ಬಂದೋಬಸ್ತಿನಲ್ಲಿದ್ದರು. ಸುತ್ತಮುತ್ತ ವಿಚಾರಿಸಿದ್ದಾಯಿತು, ಗಾಡಿ ನೋಡಿದವರು ಯಾರೂ ಇಲ್ಲ.

‘ಅಷ್ಟು ಜನ ಇದ್ರಲ್ಲ ಸರ್ ರಸ್ತೇಲಿ?’ ಎಂದು ಸರಳಾ ಕೇಳಿದಳು.

‘ಇದ್ರು ಮೇಡಂ. ಎಲ್ರೂ ಮೇಲೆ ನೋಡ್ತಿದ್ರು.’

ವಾಪಸು ಬರುವಾಗ ಚಿಕ್ಕಹನುಮಯ್ಯ, ಕೋಗಿಲು ಕ್ರಾಸ್ ಸಿಗ್ನಲ್ಲಿನಲ್ಲಿ ನಿಂತಾಗ, ಇನ್ನು ಈ ಸ್ಟೇಷನ್ ಅಲೆಯುವುದು ಬೇಡ, ಅಣ್ಣನಂತೂ ಹೋಗಿಬಿಟ್ಟ, ಅತ್ತಿಗೆಯನ್ನು ನೋಡಿಕೋ ಎಂದ. ಸರಳಾ ಹೂಂ ಎಂದಳು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಏನು ಕೇಳಿದರೂ ಹೂಂ ಎನ್ನುತ್ತಿದ್ದಳು ಆ ದಿನಗಳಲ್ಲಿ.

ಹಾಲುತುಪ್ಪದ ದಿನ ಮನೆ ತುಂಬ ನೆಂಟರು. ಹಾಲ್‌ನಲ್ಲಿ ಕೂತಿದ್ದ ಯಾರೋ ಮೊಬೈಲಿನಲ್ಲಿ ಏರ್‌ಶೋ ಫೋಟೋಗಳನ್ನು ಪಕ್ಕದವರಿಗೆ ತೋರಿಸುತ್ತಿದ್ದರು. ಸರಳಾ ಕಾಫಿ ಕೊಡಲು ಬಗ್ಗಿದಾಗ ಅವರು ಫೋನನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡರು. ಅವಳು ನೋಡಿಬಿಟ್ಟಿದ್ದಳು. ನೀಲಿ ಆಕಾಶದಲ್ಲಿ ಬಿಳಿ ಹೊಗೆಯ ಗೆರೆಗಳು, ಕೆಳಗೆ ಒಂದು ಚೂರು ಬೀದಿ, ಒಂದು ಅಂಗಡಿ ಬೋರ್ಡು.

ಅಡುಗೆಮನೆಗೆ ಬಂದು ತಟ್ಟೆ ಇಟ್ಟು ಅವಳು ನಿಂತಳು. ಅಷ್ಟು ಜನ ಮೇಲೆ ನೋಡುತ್ತಿದ್ದರು, ನಿಜ. ಫೋನ್ ಹಿಡಿದುಕೊಂಡೇ ನೋಡುತ್ತಿದ್ದರು. ಆ ಚಿತ್ರಗಳೆಲ್ಲ ಎಲ್ಲೋ ಇರುತ್ತವೆ. ಎಲ್ಲಿಂದ ಹಾಕಿದ್ದು, ಎಷ್ಟು ಗಂಟೆಗೆ ಹಾಕಿದ್ದು ಎಂಬುದೂ ಕೆಲವುಗಳ ಜೊತೆ ಇರುತ್ತದೆ.

ಅದು ಅವಳ ಕೆಲಸಕ್ಕೆ ಹತ್ತಿರದ ಸಂಗತಿಯಾಗಿತ್ತು. ಅವಳ ಕಚೇರಿಯಲ್ಲಿ ಹೋಬಳಿ ಹೋಬಳಿಯ ಮಳೆಮಾಪಕಗಳ ಅಂಕಿಅಂಶ ಇಡುತ್ತಿದ್ದರು. ಒಂದು ಜಾಗದ ಅಕ್ಷಾಂಶ ರೇಖಾಂಶ ಕೊಟ್ಟು, ಅದರ ಸುತ್ತ ಇಷ್ಟು ಕಿಲೋಮೀಟರಿನೊಳಗೆ ಯಾವ ದಿನ ಎಷ್ಟು ಮಳೆ ಎಂದು ಹುಡುಕಿ ಕೊಡುವ ಪೈಥಾನ್ ಪ್ರೋಗ್ರಾಂ ಒಂದನ್ನು ಅವಳೇ ಬರೆದಿದ್ದಳು. ಆರೇಳು ವರ್ಷದಿಂದ ದಿನವೂ ಅದನ್ನೇ ಓಡಿಸುತ್ತಿದ್ದಳು. ಮಳೆಯ ಬದಲು ಜನ ಬರೆದದ್ದನ್ನು ಹುಡುಕಬೇಕು, ಅಷ್ಟೇ.

ಸೋಮವಾರ ಬೆಳಿಗ್ಗೆ ಯೋಗಾನಂದನಿಗೆ ಫೋನ್ ಮಾಡಿದಳು. ಅವನು ಅವಳಿಗಿಂತ ಚಿಕ್ಕವನು, ಇಂಥದ್ದೆಲ್ಲ ತಿಳಿದವನು. ಮೊದಲು ಅವನು ಸಮಾಧಾನದ ಮಾತು ಶುರು ಮಾಡಿದ. ಅವಳು ಅದನ್ನು ಕೇಳಿಸಿಕೊಂಡು, ಮುಗಿದ ಮೇಲೆ ತನಗೆ ಬೇಕಾದ್ದು ಹೇಳಿದಳು. ಅವನು ಟ್ವಿಟರ್‌ನಲ್ಲಿ ಆಗುತ್ತದೆ ಎಂದ. ಜಾಗ ಮತ್ತು ದೂರ ಕೊಟ್ಟರೆ ಆ ವೃತ್ತದೊಳಗೆ ಹಾಕಿದ್ದನ್ನು ಅದು ಕೊಡುತ್ತದೆ. ಎಲ್ಲರೂ ಜಾಗ ತೋರಿಸಿರುವುದಿಲ್ಲ, ನೂರಕ್ಕೆ ಒಬ್ಬರೋ ಇಬ್ಬರೋ.

‘ಆದ್ರೆ ಮೇಡಂ, ಏಳು ದಿನ ಅಷ್ಟೇ. ಅದಕ್ಕಿಂತ ಹಳೇದನ್ನ ಈ ಥರ ಹುಡುಕಿದ್ರೆ ಕೊಡಲ್ಲ. ಗುರುವಾರದ್ದು ಅಂದ್ರೆ... ಬುಧವಾರದೊಳಗೆ ಮಾಡ್ಕೊಳ್ಳಿ.’

ಮಧ್ಯಾಹ್ನದೊಳಗೆ ಅವನು ಪ್ರೋಗ್ರಾಂ ಟ್ವಿಟರ್‌ನೊಳಗೆ ಹುಡುಕಲು ಬೇಕಾದ ಅನುಮತಿಯ ಕೀಲಿಗಳನ್ನು ಮಾಡಿಸಿ ಕಳಿಸಿದ.

ಅಷ್ಟರಲ್ಲಿ ಸರಳಾ ಸ್ಕೂಟರಿನಲ್ಲಿ ಆ ಜಾಗಕ್ಕೆ ಹೋಗಿ ಬಂದಿದ್ದಳು. ಪೊಲೀಸರು ಸುಣ್ಣದಲ್ಲಿ ಎಳೆದ ಗುರುತು ಅರ್ಧ ಅಳಿಸಿತ್ತು. ಟಿವಿಎಸ್‌ನ ದೀಪದ ಗಾಜಿನ ಚೂರುಗಳು ರಸ್ತೆಯಂಚಿಗೆ ಸರಿದಿದ್ದವು. ಅವಳು ಗುರುತಿನ ಪಕ್ಕ ನಿಂತು ಫೋನಿನ ಮ್ಯಾಪ್ ತೆರೆದು, ದಶಾಂಶದ ನಂತರದ ಆರು ಅಂಕಿಗಳವರೆಗೂ ಆ ಜಾಗವನ್ನು ಬರೆದುಕೊಂಡಳು. ಸರಿಯಾಗಿ ಬರೆದಿದ್ದೇನೆಯೇ ಎಂದು ಎರಡು ಸಲ ನೋಡಿದಳು. ಒಬ್ಬ ಆಟೋದವನು ನಿಧಾನ ಮಾಡಿ, ಎಲ್ಲಿಗೆ ಅಕ್ಕಾ ಎಂದ. ಎಲ್ಲಿಗೂ ಇಲ್ಲ ಎಂದಳು.

ಮನೆಗೆ ಬಂದು ಹಳೆಯ ಪ್ರೋಗ್ರಾಮನ್ನು ತಿದ್ದತೊಡಗಿದಳು. ಜಾಗ, ಒಂದು ಕಿಲೋಮೀಟರ್, ಗುರುವಾರ. ನೆಂಟರು ಬಂದುಹೋಗುತ್ತಿದ್ದರು. ರೂಮಿನ ಬಾಗಿಲು ತೆಗೆದೇ ಇತ್ತು. ಬಂದವರು ಇಣುಕಿ, ಮಗಳು ಆಫೀಸ್ ಕೆಲಸ ಮಾಡ್ತಾಳೆ ಎಂದು ಪಿಸುಗುಟ್ಟುವುದು ಅವಳಿಗೆ ಕೇಳಿಸುತ್ತಿತ್ತು. ಪ್ರೋಗ್ರಾಂ ಓಡಿತು, ನೂರು ನೂರಾಗಿ ಸಾಲುಗಳು ಬಿದ್ದವು, ಆಮೇಲೆ ನಿಂತಿತು. ಇಷ್ಟು ಸಲ ಕೇಳಿದ ಮೇಲೆ ಹದಿನೈದು ನಿಮಿಷ ಕಾಯಬೇಕೆಂಬ ನಿಯಮವಿತ್ತು. ಆ ಹದಿನೈದು ನಿಮಿಷಗಳಲ್ಲಿ ಅವಳು ಎದ್ದು ಹೋಗಿ ಬಂದವರಿಗೆ ಕಾಫಿ ಕೊಟ್ಟಳು, ಹೇಗಾಯಿತು ಎಂದು ಕೇಳಿದವರಿಗೆ ಹೇಗಾಯಿತೆಂದು ಹೇಳಿದಳು, ಲೋಟ ತೊಳೆದಳು, ಮತ್ತೆ ಬಂದು ಕೂತಳು. ಸಾಯಂಕಾಲದವರೆಗೆ ಹಾಗೇ ನಡೆಯಿತು. ಅಮ್ಮ ಒಮ್ಮೆ ಬಾಗಿಲಲ್ಲಿ ನಿಂತು, ಏನು ಹುಡುಕುತ್ತೀಯ ಎಂದು ಕೇಳಿದರು. ಅವತ್ತು ಅಲ್ಲಿ ಯಾರ್ಯಾರಿದ್ದರು ಅಂತ ನೋಡ್ತಿದೀನಿ ಎಂದು ಸರಳಾ ಹೇಳಿದಳು.

ಬಂದದ್ದು ನಾಲ್ಕು ಸಾವಿರದಷ್ಟು. ಹೆಚ್ಚಿನವು ಕಸ. ತಮ್ಮ ಊರು ಯಲಹಂಕ ಎಂದು ಹಾಕಿಕೊಂಡವರು ಎಲ್ಲೆಲ್ಲಿಂದಲೋ ಬರೆದದ್ದು, ಫ್ಲ್ಯಾಟ್ ಜಾಹೀರಾತು, ಕ್ರಿಕೆಟ್, ಜಗಳ. ನಿಜವಾಗಿ ಜಾಗದ ಗುರುತು ಇದ್ದವನ್ನು, ಅದರಲ್ಲೂ ಚಿತ್ರ ಇದ್ದವನ್ನು ಮಾತ್ರ ಸೋಸಿದಾಗ ಇನ್ನೂರಹನ್ನೆರಡು ಉಳಿದವು. ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯೊಳಗಿನವು ಅರವತ್ತೊಂದು.

ಮಂಗಳವಾರ ಮಧ್ಯಾಹ್ನ ಒಂದೊಂದನ್ನೇ ತೆರೆದಳು. ಎಲ್ಲದರಲ್ಲೂ ಆಕಾಶವೇ. ಮನೆಯ ಮಾಳಿಗೆಗಳಿಂದ, ಬಸ್ ಕಿಟಕಿಯಿಂದ, ಕಟ್ಟುತ್ತಿದ್ದ ಕಟ್ಟಡದ ಕಂಬಿಗಳ ನಡುವಿನಿಂದ ತೆಗೆದ ಆಕಾಶ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸು, ಒಣಹಾಕಿದ ಬಟ್ಟೆಗಳ ಹಿಂದೆ ಒಂದು ವಿಮಾನ, ಹಲ್ಲು ಬಿಟ್ಟ ಸೆಲ್ಫಿಯ ಮೂಲೆಯಲ್ಲಿ ಹೊಗೆ. ಜನ ಬಹಳ ಸಂತೋಷವಾಗಿದ್ದರು. ಸರಳಾ ಒಂದೊಂದರಲ್ಲೂ ಕೆಳಗಿನ ಅಂಚನ್ನು ದೊಡ್ಡದು ಮಾಡಿ ನೋಡಿ ಮುಂದಕ್ಕೆ ಹೋಗುತ್ತಿದ್ದಳು.

ನಲವತ್ತನಾಲ್ಕನೆಯದರಲ್ಲಿ ರಸ್ತೆಯಿತ್ತು. ಯಾವುದೋ ಮನೆಯ ಮೇಲಿನಿಂದ ತೆಗೆದದ್ದು. ಮೇಲೆ ಸಾಲಾಗಿ ಹೋಗುವ ನಾಲ್ಕು ವಿಮಾನಗಳು, ಕೆಳಗೆ ಕರೆಂಟ್ ತಂತಿಗಳು, ಅವುಗಳಡಿ ಆ ಮಣ್ಣಿನ ಅಡ್ಡರಸ್ತೆಯ ಬಾಯಿ. ಅಲ್ಲಿ ಒಂದು ನೀಲಿ ಟ್ಯಾಂಕರ್ ನಿಂತಿತ್ತು. ಪಕ್ಕದಲ್ಲಿ ಇಬ್ಬರು ಗಂಡಸರು ತಲೆಯೆತ್ತಿ ನೋಡುತ್ತಿದ್ದರು. ಒಬ್ಬರು ಬಲ ಮಂಡಿ ನೋಯುವವರ ಹಾಗೆ ಎಡಗಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು. ಮುಖ ಕಾಣುವಷ್ಟು ಸ್ಪಷ್ಟವಿರಲಿಲ್ಲ. ಮುಖ ಬೇಕಾಗಿರಲಿಲ್ಲ, ಅದು ಅಪ್ಪ.

ಇನ್ನೊಬ್ಬ ಯಾರೆಂದು ತಿಳಿಯಲಿಲ್ಲ. ದೊಡ್ಡದು ಮಾಡಿದಷ್ಟೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಅವಳು ಚಿತ್ರವನ್ನು ಉಳಿಸಿಕೊಂಡು, ಹಾಕಿದವರಿಗೆ ಒಂದು ಸಂದೇಶ ಬರೆದಳು. ಅವರ ಹೆಸರು ಸಬೀರಾ.

ಬುಧವಾರ ಬೆಳಿಗ್ಗೆ ಸಬೀರಾ ಉತ್ತರ ಕೊಟ್ಟು ಮನೆಗೇ ಬರಲು ಹೇಳಿದಳು. ರಸ್ತೆಗೆ ಎದುರಾಗಿದ್ದ ಮೂರಂತಸ್ತಿನ ಮನೆಯ ಕೆಳಗೆ ಅವಳ ಹೊಲಿಗೆ ಅಂಗಡಿ. ನಲವತ್ತರ ಆಸುಪಾಸಿನ ಹೆಂಗಸು, ಕುತ್ತಿಗೆಯಲ್ಲಿ ಟೇಪು. ಸ್ಟೂಲನ್ನು ಸರಳಾಗೆ ಕೊಟ್ಟು ತಾನು ಹೊಲಿಗೆ ಮಿಷನ್ನಿಗೆ ಒರಗಿ ನಿಂತಳು. ಅವತ್ತು ವಿಮಾನದ ಸದ್ದಿಗೆ ಮಾಳಿಗೆಗೆ ಓಡಿದ್ದೆ, ಮೂರು ಫೋಟೋ ತೆಗೆದೆ, ಮೊದಲನೆಯದು ಚೆನ್ನಾಗಿತ್ತೆಂದು ಹಾಕಿದೆ, ಉಳಿದೆರಡನ್ನು ಸರಿಯಾಗಿ ನೋಡಿಯೂ ಇಲ್ಲ ಎಂದಳು. ಆಮೇಲೆ ಕೆಳಗೆ ಬಂದಾಗ ಯಾರಿಗೋ ಆಕ್ಸಿಡೆಂಟ್ ಆಯಿತೆಂದು ಕೇಳಿದ್ದಳು.

ಫೋನಿನಲ್ಲಿದ್ದ ಮೂಲ ಚಿತ್ರ ಬಹಳ ನಿಚ್ಚಳವಾಗಿತ್ತು. ಸಬೀರಾ ಎರಡು ಬೆರಳಿಂದ ಅದನ್ನು ಹಿಗ್ಗಿಸಿದಳು. ಟ್ಯಾಂಕರಿನ ಮೇಲೆ ಹಳದಿ ಅಕ್ಷರಗಳು ಓದಲು ಬಂದವು, ಮುನೇಶ್ವರ ವಾಟರ್ ಸಪ್ಲೈ. ಅದರ ಪಕ್ಕ ಬಾಯಿ ತೆರೆದು ನಗುತ್ತ ಬೆರಳು ಮೇಲೆತ್ತಿ ತೋರಿಸುತ್ತಿದ್ದವನು ಚಿಕ್ಕಹನುಮಯ್ಯ. ಅಪ್ಪನೂ ನಗುತ್ತಿದ್ದರು. ಸಮಯ ಹತ್ತು ಗಂಟೆ ನಲವತ್ತೊಂದು ನಿಮಿಷ.

ಎರಡನೆಯ ಚಿತ್ರದಲ್ಲಿ ಬರೀ ಆಕಾಶ. ಮೂರನೆಯದು ಹತ್ತೂ ಐವತ್ತೆಂಟಕ್ಕೆ ತೆಗೆದದ್ದು. ಅದರಲ್ಲಿ ಟ್ಯಾಂಕರ್ ಇರಲಿಲ್ಲ. ಟಿವಿಎಸ್ ಬಿದ್ದಿತ್ತು, ನಾಲ್ಕೈದು ಜನ ಬಗ್ಗಿ ನಿಂತಿದ್ದರು. ಅವರ ಕಾಲುಗಳ ನಡುವೆ ಬಿಳಿ ಬಟ್ಟೆಯಂಥದ್ದೊಂದು ಕಾಣುತ್ತಿತ್ತು.

ಸಬೀರಾ ಫೋನನ್ನು ಮಿಷನ್ನಿನ ಮೇಲೆ ಇಟ್ಟಳು.

‘ಇದು ನನ್ ಫೋನಲ್ಲೇ ಇತ್ತು,’ ಎಂದಳು. ‘ಆರು ದಿನದಿಂದ. ನಾನು ನೋಡ್ಲೇ ಇಲ್ಲ ನೋಡಿ.’

‘ನಿಮ್ದೇನ್ ತಪ್ಪಿಲ್ಲ.’

‘ಇನ್ನೊಬ್ರು ಯಾರು ಅಂತ ಗೊತ್ತಾ ನಿಮ್ಗೆ?’

ನಮ್ಮ ಚಿಕ್ಕಪ್ಪ ಎಂದು ಸರಳಾ ಹೇಳಿದಳು. ಸಬೀರಾ ಅವಳ ಮುಖವನ್ನೇ ನೋಡಿದಳು. ಅಲ್ಲಿ ಏನೂ ಕಾಣದೆ, ಒಳಗೆ ಹೋಗಿ ನೀರು ತಂದು ಕೊಟ್ಟಳು. ಮೂರೂ ಚಿತ್ರಗಳನ್ನು ಸರಳಾಳ ಫೋನಿಗೆ ಕಳಿಸಿದಳು. ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದು ಕೇಳದಿದ್ದರೂ ಹೇಳಿದಳು.

ಸರಳಾ ಆ ದಿನ ಯಾರಿಗೂ ಏನೂ ಹೇಳಲಿಲ್ಲ. ಸಂಜೆ ಚಿಕ್ಕಹನುಮಯ್ಯ ತಿಥಿಯ ಸಾಮಾನಿನ ಪಟ್ಟಿ ಹಿಡಿದು ಮನೆಗೆ ಬಂದ. ಎಷ್ಟು ಜನಕ್ಕೆ ಅಡುಗೆ, ಪೂಜಾರಿ ಯಾರು ಎಂದು ಅಮ್ಮನ ಹತ್ತಿರ ಮಾತಾಡಿದ. ಸರಳಾ ಅವನಿಗೆ ಕಾಫಿ ತಂದುಕೊಟ್ಟಳು. ಅವನು ಲೋಟ ತೆಗೆದುಕೊಳ್ಳುವಾಗ ಅವನ ಬೆರಳುಗಳನ್ನು ನೋಡಿದಳು. ಸಿಟ್ಟು ಬರಬೇಕು ಎಂದು ಅವಳಿಗೆ ಗೊತ್ತಿತ್ತು. ಬರಲಿಲ್ಲ. ಗಾಜಿನ ಆಚೆ ನಡೆಯುವುದನ್ನು ನೋಡಿದಂತಿತ್ತು.

ಗುರುವಾರ ಬೆಳಿಗ್ಗೆ ಅವಳು ಬಾಗಲೂರಿಗೆ ಹೋದಳು. ಚಿಕ್ಕಹನುಮಯ್ಯ ಬೋರ್‌ವೆಲ್ಲಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಎದುರಿಗೆ ಒಂದು ಟ್ಯಾಂಕರಿಗೆ ನೀರು ತುಂಬುತ್ತಿತ್ತು. ಅವಳನ್ನು ಕಂಡು ಎದ್ದ. ಅವಳು ಫೋನ್ ತೆಗೆದು ಚಿತ್ರ ತೋರಿಸಿದಳು.

ಅವನು ಅದನ್ನು ದೂರ ಹಿಡಿದು, ಆಮೇಲೆ ಹತ್ತಿರ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಟ್ಯಾಂಕರ್ ತುಂಬಿ ನೀರು ಮೇಲಿನಿಂದ ಹರಿಯತೊಡಗಿತು. ಅವನು ಹೋಗಿ ಮೋಟರ್ ನಿಲ್ಲಿಸಿ ಬಂದು ಮತ್ತೆ ಕೂತ.

‘ಯಾರ್ ತೆಗ್ದಿದ್ದು ಇದನ್ನ?’

‘ಅಲ್ಲೊಬ್ರು. ವಿಮಾನದ ಫೋಟೋ ತೆಗ್ದಿದ್ರು.’

ಅವನು ಹೇಳತೊಡಗಿದ. ಡ್ರೈವರ್ ಏರ್‌ಶೋ ನೋಡಲು ರಜಾ ಹಾಕಿದ್ದ. ದ್ವಾರಕಾನಗರದ ಒಂದು ಮನೆಯವರು ನೀರಿಗೆ ಒಂದೇ ಸಮ ಫೋನ್ ಮಾಡುತ್ತಿದ್ದರು. ದೊಡ್ಡ ಗಾಡಿಯ ಲೈಸೆನ್ಸ್ ಅವನಿಗಿರಲಿಲ್ಲ, ಹತ್ತಿರವೇ ತಾನೇ ಎಂದು ತಾನೇ ತೆಗೆದುಕೊಂಡು ಹೋದ. ನೀರು ಬಿಟ್ಟು ವಾಪಸು ಬರುವಾಗ ಅಡ್ಡರಸ್ತೆಯ ಬಾಯಲ್ಲಿ ಅಣ್ಣ ಸಿಕ್ಕಿದ. ಗಾಡಿ ಕಂಡು ಅಣ್ಣನೇ ನಿಲ್ಲಿಸಿದ್ದು. ಇಬ್ಬರೂ ವಿಮಾನ ನೋಡುತ್ತ ನಿಂತರು. ಆಮೇಲೆ ಇವನು ಹೊರಡುತ್ತೇನೆಂದು ಹತ್ತಿದ. ಮುಂದೆ ಯಾರೋ ಕಾರು ನಿಲ್ಲಿಸಿದ್ದರಿಂದ ರಿವರ್ಸ್ ತೆಗೆಯಬೇಕಾಯಿತು.

‘ಅಣ್ಣ ಹೋದ ಅಂದ್ಕಂಡೆ ಕಣಮ್ಮ. ಹಿಂದ್ಗಡೆ ಟಿವಿಎಸ್ ಹತ್ರ ನಿಂತವ್ನೆ ಅಂತ ಗೊತ್ತಾಗ್ಲಿಲ್ಲ. ಮೇಲೆ ಆ ಸದ್ದು. ಏನೋ ಹತ್ತಿ ಇಳೀತು. ಜಲ್ಲಿ ಅಂದ್ಕಂಡೆ.’

‘ಇಳಿದು ನೋಡಿದ್ರಾ?’

‘ನೋಡ್ದೆ.’

‘ಅಪ್ಪ ಮಾತಾಡಿದ್ರಾ?’

‘“ಹನುಮಯ್ಯ, ಕಾಲು” ಅಂದ,’ ಎಂದ ಅವನು. ‘ಅಷ್ಟೇ ಅಂದಿದ್ದು. ನಂಗೆ ಕೈಕಾಲೇ ಆಡ್ಲಿಲ್ಲ. ಲೈಸೆನ್ಸ್ ಇಲ್ಲ, ಏನ್ಮಾಡೋದು ಅಂತ ಗಾಡಿ ಎತ್ಕಂಡು ಬಂದ್ಬುಟ್ಟೆ. ಗಾಡಿ ಇಲ್ಲಿ ನಿಲ್ಸಿ ಕಾರ್ ತಗಂಡು ತಿರ್ಗಾ ಹೋದೆ. ಅಷ್ಟೊತ್ಗೆ ಆಂಬುಲೆನ್ಸ್ ಕರ್ಕಂಡೋಗಿತ್ತು.’

ದೇವನಹಳ್ಳಿಗೆ ಅವನು ಹೋಗಿಯೇ ಇರಲಿಲ್ಲ. ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದು ಆಮೇಲೆ ಒಳಗೆ ಬಂದಿದ್ದ. ಅದನ್ನೂ ಹೇಳಿದ. ಹೇಳುತ್ತ ಅಳುತ್ತಿದ್ದ. ತಿಥಿ ಮುಗಿಯುವ ತನಕ ತಡೆದುಕೋ, ಭಾನುವಾರ ಕಳೆದ ಮೇಲೆ ನೀನು ಹೇಳಿದ ಕಡೆ ಬರುತ್ತೇನೆ, ಅಣ್ಣನ ಕಾರ್ಯ ಒಂದು ಮುಗಿಸಲು ಬಿಡು ಎಂದು ಕೇಳಿಕೊಂಡ. ಸರಳಾ ಹೂಂ ಎನ್ನಲಿಲ್ಲ, ಆಗುವುದಿಲ್ಲವೆಂದೂ ಹೇಳಲಿಲ್ಲ. ಫೋನ್ ವಾಪಸು ತೆಗೆದುಕೊಂಡು ಬಂದಳು.

ಮನೆಯಲ್ಲಿ ಮುನಿಕೆಂಪಮ್ಮ ಹಿತ್ತಲಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಸರಳಾ ಪಕ್ಕದಲ್ಲಿ ಕೂತು, ಸಬೀರಾಳ ಫೋಟೋದಿಂದ ಹಿಡಿದು ಬೋರ್‌ವೆಲ್ಲಿನ ಹತ್ತಿರದ ಮಾತಿನವರೆಗೆ ಎಲ್ಲವನ್ನೂ ಬಿಡದೆ ಹೇಳಿದಳು. ಅಮ್ಮನ ಕೈ ನಿಲ್ಲಲಿಲ್ಲ. ಕಲ್ಲು ಸಿಕ್ಕಾಗ ತೆಗೆದು ಪಕ್ಕಕ್ಕೆ ಎಸೆಯುತ್ತಲೇ ಇದ್ದರು. ಫೋಟೋ ತೋರಿಸಲೇ ಎಂದು ಸರಳಾ ಕೇಳಿದ್ದಕ್ಕೆ ಬೇಡವೆಂದರು.

ಮೊರದಲ್ಲಿದ್ದುದು ಮುಗಿದ ಮೇಲೆ ಅವರು ಮಾತಾಡಿದರು.

‘ಅವನ್ ಕೈಯಾಗೆ ಆಲುತುಪ್ಪ ಬಿಡಿಸ್ದೆ ನಾನು.’

ಸರಳಾ ಕಟ್ಟೆಯ ಮೇಲೆ ಚೆಲ್ಲಿದ್ದ ಅಕ್ಕಿಕಾಳುಗಳನ್ನು ಬೆರಳಿನಿಂದ ಒಟ್ಟುಮಾಡಿದಳು.

‘ನಾನೇ ಕೇಳ್ಕಂಡೆ ಅವನ್ನ. ನೀನೇ ಮಾಡಪ್ಪ ಅಂತ.’ ಅವರು ಮೊರವನ್ನು ಗೋಡೆಗೆ ಒರಗಿಸಿದರು. ‘ತಿಥಿಗೆ ಅವ್ನು ಕುಂತ್ಕಬಾರ್ದು. ನೀನು ಕುಂತ್ಕ.’

‘ಜನ ಕೇಳಿದ್ರೆ?’

‘ಕೇಳಿದ್ರೆ ಯೋಳಣ. ನಾಳೆ ಟೇಸನ್‌ಗೆ ನಾನೂ ಬತ್ತೀನಿ.’

ಅವತ್ತು ಸಂಜೆ ಸರಳಾ ಪ್ರೋಗ್ರಾಮನ್ನು ಇನ್ನೊಂದು ಸಲ ಓಡಿಸಿ ನೋಡಿದಳು. ಯೋಗಾನಂದ ಹೇಳಿದಂತೆ ಹಿಂದಿನ ಗುರುವಾರ ಬೆಳಗಿನದು ಒಂದೂ ಬರಲಿಲ್ಲ. ಶುಕ್ರವಾರ, ಶನಿವಾರದ ವಿಮಾನಗಳು ಬಂದವು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಶುಕ್ರವಾರ ಬೆಳಿಗ್ಗೆ ತಾಯಿ ಮಗಳು ಆಟೋ ಮಾಡಿಕೊಂಡು ಸ್ಟೇಷನ್ನಿಗೆ ಹೋದರು. ಸಬ್‌ಇನ್‌ಸ್ಪೆಕ್ಟರ್ ಮೂರು ಚಿತ್ರಗಳನ್ನೂ ನೋಡಿ, ಇದು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದರು. ಸರಳಾ ವಿವರಿಸಿದಳು. ಅವರು ಅರ್ಧದಲ್ಲಿ ತಡೆದು ಮತ್ತೆ ಮೊದಲಿನಿಂದ ಹೇಳಿಸಿದರು. ಕೊನೆಗೆ ಹೇಳಿಕೆಯಲ್ಲಿ ‘ಸಾಮಾಜಿಕ ಜಾಲತಾಣವನ್ನು ಪರಿಶೀಲಿಸಲಾಗಿ’ ಎಂದು ಬರೆಸಿದರು. ಆರೋಪಿ ನಿಮಗೆ ಏನಾಗಬೇಕು ಎಂಬ ಪ್ರಶ್ನೆಗೆ ಮುನಿಕೆಂಪಮ್ಮನೇ ಉತ್ತರ ಕೊಟ್ಟರು. ಮೈದುನ ಎಂದರು.

ಪೊಲೀಸರು ಕರೆಯಲು ಹೋಗುವ ಮೊದಲೇ, ಅದೇ ಸಂಜೆ ಚಿಕ್ಕಹನುಮಯ್ಯ ತಾನಾಗಿ ಸ್ಟೇಷನ್ನಿಗೆ ಬಂದನಂತೆ. ಮರುದಿನ ಜಾಮೀನು ಸಿಕ್ಕಿತು. ಭಾನುವಾರದ ತಿಥಿಗೆ ಅವನು ಬರಲಿಲ್ಲ, ಅವನ ಕಡೆಯವರೂ ಯಾರೂ ಬರಲಿಲ್ಲ. ಸರಳಾ ಪೂಜಾರಿ ಹೇಳಿದಂತೆ ಕೂತು, ಹೇಳಿದ ಕಡೆ ನೀರು ಬಿಟ್ಟು, ಎಡೆ ಇಟ್ಟಳು. ನೆಂಟರಲ್ಲಿ ಅರ್ಧ ಜನ ಊಟ ಮಾಡದೆ ಹೋದರು. ಹೆಣ್ಣುಮಗಳು ಕೂತಳು ಎಂದೋ, ಮನೆಯವನನ್ನೇ ಪೊಲೀಸರಿಗೆ ಕೊಟ್ಟರು ಎಂದೋ ಅವಳಿಗೆ ತಿಳಿಯಲಿಲ್ಲ. ಉಳಿದ ಅನ್ನವನ್ನು ಪಕ್ಕದ ಕಟ್ಟಡದ ಕೆಲಸದವರಿಗೆ ಕೊಟ್ಟರು.

ಕೇಸು ಎರಡು ವರ್ಷ ನಡೆಯಿತು. ಸರಳಾ ಮತ್ತೆ ಆಫೀಸಿಗೆ ಹೋಗತೊಡಗಿದಳು. ಮಳೆಯ ಪ್ರೋಗ್ರಾಂ ಮೊದಲಿನಂತೆ ಓಡುತ್ತಿತ್ತು. ಊಟ ಮಾಡಿದಳು, ನಿದ್ದೆ ಮಾಡಿದಳು. ಅಪ್ಪನ ಅರ್ಧ ಎಕರೆಯಲ್ಲಿ ಸೊಪ್ಪು ಬಲಿತು ಹೂಬಿಟ್ಟು ಒಣಗಿತು, ಯಾರೂ ಹೋಗಿ ಕೀಳಲಿಲ್ಲ. ಮರೆತಿದ್ದಾಳೆಂದು ಕೆಲವರು, ಗಟ್ಟಿಗಿತ್ತಿ ಎಂದು ಕೆಲವರು ಅಂದುಕೊಂಡರು. ಅವಳಿಗೆ ಎರಡೂ ಅಲ್ಲವೆಂದು ಗೊತ್ತಿತ್ತು. ಏನೆಂದು ಮಾತ್ರ ಹೇಳಲು ಬರುತ್ತಿರಲಿಲ್ಲ.

ಸಾಕ್ಷಿ ಹೇಳಲು ಸಬೀರಾ ಮಾತು ಕೊಟ್ಟಂತೆ ಎರಡು ಸಲ ಅಂಗಡಿ ಮುಚ್ಚಿ ಕೋರ್ಟಿಗೆ ಬಂದಳು. ಎರಡು ಸಲವೂ ವಿಚಾರಣೆ ಮುಂದಕ್ಕೆ ಹೋಯಿತು. ಮೂರನೆಯ ಸಲ ಅವಳನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ವಕೀಲರು ಬೇಡವೆಂದರೂ ಚಿಕ್ಕಹನುಮಯ್ಯ ಎದ್ದು ನಿಂತು ತಪ್ಪು ತನ್ನದೇ ಎಂದುಬಿಟ್ಟ. 2019ರ ಮಾರ್ಚಿನಲ್ಲಿ ಅವನಿಗೆ ಆರು ತಿಂಗಳ ಶಿಕ್ಷೆಯಾಯಿತು.

ಬಿಡುಗಡೆಯಾದ ಮೇಲೆ, ಅಕ್ಟೋಬರಿನ ಒಂದು ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಅವನು ಅಟ್ಟೂರಿನ ಮನೆಗೆ ಬಂದ. ಗೇಟಿನ ಹೊರಗೆ ನಿಂತ, ಕರೆಯಲಿಲ್ಲ. ತೆಳ್ಳಗಾಗಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಟ್ಟೆ ಒಣಹಾಕುತ್ತಿದ್ದ ಮುನಿಕೆಂಪಮ್ಮ ಅವನನ್ನು ನೋಡಿದರು. ಒಂದು ಕುರ್ಚಿ ತಂದು ಅಂಗಳದಲ್ಲಿ ಹಾಕು ಎಂದು ಮಗಳಿಗೆ ಹೇಳಿದರು. ಸರಳಾ ತಂದು ಹಾಕಿದಳು. ಅವನು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಮುನಿಕೆಂಪಮ್ಮ ಮೆಟ್ಟಿಲ ಮೇಲೆ ಕೂತರು. ಅತ್ತಿಗೆ ಎಂದು ಅವನು ಏನೋ ಶುರು ಮಾಡಿದ. ಏನೂ ಹೇಳಬೇಡ, ಕೂತಿರು ಎಂದು ಅವರು ಅಂದರು.

ಸರಳಾ ಒಳಗೆ ಹೋಗಿ, ಸಾರು ಕುದಿಯುತ್ತಿದ್ದ ಅಡುಗೆಮನೆಯಲ್ಲಿ ನಿಂತಳು. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಅಪ್ಪನ ಹಾಗೇ ಅವನು ತನ್ನ ಎಡ ಮಂಡಿಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಿದ್ದ. ಇವನಿಗೂ ವಯಸ್ಸಾಗುತ್ತದೆ, ಇವನು ಇನ್ನೂ ಹತ್ತು ವರ್ಷ, ಇಪ್ಪತ್ತು ವರ್ಷ ಬೆಳಿಗ್ಗೆ ಎದ್ದು ಕೂತು ಮಂಡಿ ಉಜ್ಜಿಕೊಳ್ಳುತ್ತಾನೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ಇಷ್ಟು ದಿನ ಬಾರದಿದ್ದದ್ದೊಂದು ಬಂತು. ಅದು ಸಿಟ್ಟೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸಿಂಕಿನ ಅಂಚು ಹಿಡಿದುಕೊಂಡಳು, ಆಗಲಿಲ್ಲ, ನೆಲದ ಮೇಲೆ ಕೂತಳು. ದನಿ ಹೊರಗೆ ಹೋಗದಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ಹೋಯಿತು.

ಗೇಟು ಹಾಕಿದ ಸದ್ದು ಕೇಳಿದ ಮೇಲೆ ಮುನಿಕೆಂಪಮ್ಮ ಒಳಗೆ ಬಂದರು. ಮಗಳನ್ನು ನೋಡಿದರು. ಸ್ಟೌವ್ ಆರಿಸಿ, ಗೋಡೆ ಹಿಡಿದು ನಿಧಾನವಾಗಿ ಕೆಳಗೆ ಕೂತು, ಮಗಳ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.